ಆಯಿಲ್ ಮೀಟರಿನ ಮುಳ್ಳು ಬಿದ್ದರ

ಗ್ಯಾನಪ್ಪಾ,

ನಿನ್ನೆ ಕಾರಿಗೆ ಹೊಸದಾಗಿ ಕೂಡಿಸಿದ ಆಯಿಲ್ ಮೀಟರಿನ ಪೈಪು ಎಂಜಿನ್ ಕಡೆ ಜಿನುಗಾಕತ್ತೈತಿ. ತಾಮ್ರದ ವಾಶರ್ ತರಾಕ ಬಸ್ಸಿಗೆ ಲಿಂಗಸುಗೂರಿಗೆ ಹೊಂಟೀನಿ. ಸದ್ಯ ಚರ್ಮದ ತುಂಡು ಕತ್ತರಿಸಿ ಹಾಕೀನಿ, ಅದರ ಮ್ಯಾಲೆ ನನಗ ಭರೋಸ ಇಲ್ಲ.

ನಾ ಬರೋತನಕ ಕಾರು ತೆಗೀಬ್ಯಾಡ. ಕೆನಾಲ್ ಆಫೀಸಿನ ಸಾಹೇಬರು ಬಾಡಿಗಿಗೆ ಕೇಳಿದ್ರೂ ಇಲ್ಲ ಅನ್ನು.

ತಂಗಿ ಆದೆಮ್ಮಗ ಹೆರಿಗಿ ಬ್ಯಾನಿ ಸುರುವಾದ್ರ ಮಾತ್ರ ನನ್ನ ಹಾದಿ ನೋಡಬ್ಯಾಡ. ಅದೇ ಕಾರಿನ್ಯಾಗ ಲಿಂಗಸುಗೂರು ದವಾಖಾನಿಗೆ ಹೊಂಡು.

ಅವ್ವ ಪೂಜಿ ಮಾಡಿ ಮೀಟರಿನ ಗಾಜಿನ ತುಂಬ ಕುಂಕುಮ ಬಡದಾಳ, ಮುಳ್ಳೇ ಕಾಣವಲ್ದು. ಆಕಿ ಬೈದ್ರೂ ಒರಿಸು.

ಮುಳ್ಳು ಕೆಳಗ ಬಿತ್ತಂದ್ರ ಆಯಿಲ್ ಹೊರಗ ಹೊಂಟೈತಿ ಅಂತ ತಿಳಿ. ಆದೆಮ್ಮ ಎಷ್ಟು ಒದರಿದ್ರೂ ಎಂಜಿನ್ ಬಂದ್ ಮಾಡು. ಹೋದ ಸಲ ಆಯಿಲಿನ ಕೆಂಪು ಲೈಟ್ ಹತ್ತಿದಾಗ ಅದರ ಮ್ಯಾಲೆ ಟವೆಲ್ ಹಾಕಿ ಓಡಿಸಿದ್ಯಲ್ಲ, ಆ ಶ್ಯಾಣ್ಯಾತನ ಬ್ಯಾಡ. ಡಿಕ್ಕಿಯಾಗ ಪಾನಾ, ಆಯಿಲ್ ಡಬ್ಬಿ ಇಟ್ಟೀನಿ. ಪಾನಾದಿಂದ ಪೈಪಿನ ನಟ್ಟು ಬಿಗಿ ಮಾಡಿ, ಆಯಿಲ್ ಸುರುವಿ ಹೊಂಡು.

ಅದೂ ಆಗಲಿಲ್ಲಂದ್ರ ರಸ್ತೆ ನಡುವ ನಿಂತು, ಎದುರಿಗೆ ಬರೋ ಮಸ್ಕಿ ಬಸ್ಸಿಗೆ ಕೈ ಮಾಡು. ನಾನೂ ಅದೇ ಬಸ್ಸಿಗೆ ವಾಪಸ್ ಬರೋದು, ಸೀಟು ಸಿಕ್ರೂ ನಾ ಕೂಡೂದಿಲ್ಲ. ವಾಶರ್ ಕೈಯಾಗ ಹಿಡ್ಕೊಂಡು, ಡ್ರೈವರ್ ಬಾಜು ನಿಂತು ರಸ್ತೇನ ನೋಡ್ಕೊಂತ ಬರ್ತೀನಿ.

ನಿನ್ನ ಅಣ್ಣ,
ಹೊನ್ನೂರಪ್ಪ