ಮೂರು ಗುರುವಾರಗಳಿಂದ ಸರಿಯದ ಪರದೆ

ಹಾಗಾಗಿ ನಿನ್ನೆ ನಿಮ್ಮ ಕೌಂಟರಿನಲ್ಲಿ ಅರ್ಧಕ್ಕೆ ನಿಂತ ಮಾತನ್ನೇ ಮುಂದುವರಿಸುತ್ತೇನೆ, ಮಾನಸಿಕ ಆರೋಗ್ಯ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ. ಮನೆಯಿಂದ ಹೊರಗೆ ಕಾಲಿಡಲಾಗದ ನನ್ನ ಮಗಳು, ತನಗೆ ಕಾಲಿಡಲಾಗದು ಎಂಬುದನ್ನು ನಿಮ್ಮ ಆಸ್ಪತ್ರೆಗೇ ಖುದ್ದಾಗಿ ಬಂದು ತೋರಿಸಬೇಕಂತೆ. ಆಮೇಲಷ್ಟೇ ವಿಡಿಯೋ ಕರೆಯ ಚಿಕಿತ್ಸೆ ಮುಂದುವರಿಯುವುದಂತೆ. ಎಂಥ ದೂರದೃಷ್ಟಿ! ಮುಳುಗುತ್ತಿರುವವರು ಈಜಿ ದಡಕ್ಕೆ ಬಂದು ಹಗ್ಗಕ್ಕೆ ಅರ್ಜಿ ಹಾಕಬೇಕೆಂಬ ನಿಯಮ ಯಾವಾಗ ಬರುತ್ತದೆ, ಸ್ವಾಮಿ?

"ಬೇಗ ಬರ್ತೀನಿ" ಎಂದು ಹೊರಟ ನನ್ನ ಹೆಂಡತಿ ರಸ್ತೆಯಲ್ಲೇ ತೀರಿಕೊಂಡು ಎರಡು ವರ್ಷ. ಅಂದಿನಿಂದ ಹೊಸ್ತಿಲು ಕಂಡರೆ ಮಗಳು ಹಿಂದೆ ಸರಿಯುತ್ತಾಳೆ. ನಾನು ಪುಸ್ತಕ ಬೈಂಡಿಂಗ್ ಮಾಡುವವನು. ಬಿಟ್ಟುಹೋದ ಹಾಳೆ ಹೊಲಿಯಲು ಬರುತ್ತದೆ, ಇದು ಬರಲಿಲ್ಲ. ಬಂದದ್ದು ನಿಮ್ಮದೇ ಆಸ್ಪತ್ರೆಯ ಡಾಕ್ಟರಮ್ಮನಿಗೆ. ಗುರುವಾರ ನಾಲ್ಕಕ್ಕೆ ಅವರ ಕರೆ. ಮುಖ ಕಾಣಲಿ ಎಂದು ಮಗಳು ಕಿಟಕಿಯ ಪರದೆ ಸರಿಸುತ್ತಿದ್ದಳು, ವಾರಕ್ಕೆ ಅದೊಂದೇ ಸಲ. ಹೋದ ತಿಂಗಳು ಚಪ್ಪಲಿ ಮೆಟ್ಟಿ ಬಾಗಿಲ ತನಕ ಬಂದು, "ಇವತ್ತಿಗೆ ಇಷ್ಟು ಸಾಕಪ್ಪಾ" ಎಂದು ನಕ್ಕಳು. ಅಷ್ಟರಲ್ಲಿ ನಿಮ್ಮ ಸುತ್ತೋಲೆ ಬಂತು. ಮೂರು ಗುರುವಾರ ಕರೆಯಿಲ್ಲ, ಪರದೆ ಸರಿದಿಲ್ಲ.

ಸುತ್ತೋಲೆ ಇಂಗ್ಲಿಷಿನಲ್ಲಿತ್ತು. ಕಾಲೇಜಿನಲ್ಲಿ ಕಲಿತದ್ದರಲ್ಲಿ ನನಗೆ ಉಳಿದಿರುವುದು 'ಐ ಬೆಗ್ ಟು ಸ್ಟೇಟ್' ಒಂದೇ. ಅದರ ಮುಂದಿನದೆಲ್ಲ ಮರೆತಿದೆ, ಬೇಡುವುದು ಮಾತ್ರ ಮರೆತಿಲ್ಲ.

ನಿನ್ನೆ ಒಂದು ಪೆದ್ದುತನ ಮಾಡಿದೆ. ಮೊದಲೇ ಹೇಳದೆ ಕೇಳದೆ ಮಗಳಿಗೆ ವಿಡಿಯೋ ಕರೆ ಮಾಡಿ, ಫೋನನ್ನು ನಿಮ್ಮ ಕೌಂಟರಿನ ಮೇಲೆ ನಿಲ್ಲಿಸಿ, ಅಲ್ಲಿ ಟೋಕನ್ ಕೊಡುತ್ತಿದ್ದ ಹೆಂಗಸಿಗೆ "ನೋಡಿ ಮೇಡಂ, ಬಂದಿದ್ದಾಳೆ" ಅಂದೆ.

"ಯಜಮಾನ್ರೇ, ಇದು ಬಂದ ಹಾಗಾಯ್ತಾ?"

"ಮುಖ ಕಾಣ್ತಿದೆಯಲ್ಲಮ್ಮಾ."

"ನಮ್ಮಜ್ಜಿ ಮುಖಾನೂ ಫೋಟೋದಲ್ಲಿ ಕಾಣುತ್ತೆ. ಅವ್ರಿಗೂ ಒಂದು ಟೋಕನ್ ಕೊಡ್ಲಾ?"

ಸರತಿಯವರೆಲ್ಲ ನಕ್ಕರು. ಹಿಂದಿದ್ದವನೊಬ್ಬ ಬಗ್ಗಿ ಫೋನಿನೊಳಗೆ ಇಣುಕಿದ. ಕರೆ ಕಡಿದುಹೋಯಿತು.

ಮನೆಗೆ ಬಂದರೆ ಕೋಣೆಗೆ ಒಳಗಿನಿಂದ ಚಿಲಕ. "ಅಷ್ಟು ಜನರ ಮುಂದೆ ನನ್ನ ಯಾಕಪ್ಪಾ ನಿಲ್ಲಿಸ್ದೆ?" ಎಂದಷ್ಟೇ ಕೇಳಿದಳು. ಊಟದ ತಟ್ಟೆ ಬಾಗಿಲಲ್ಲೇ ಇದೆ. ಆ ತಪ್ಪು ನನ್ನದೇ, ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ಆ ಚಿಲಕ ತೆಗೆಸುವ ದನಿ ಈಗ ನನ್ನದಲ್ಲ, ಡಾಕ್ಟರಮ್ಮನದು. ಅವರು ಸಿದ್ಧರಿದ್ದಾರೆ, ನಿಮ್ಮ ಒಂದು ಸಹಿ ಬೇಕು. ಬರುವ ಗುರುವಾರ ನಾಲ್ಕಕ್ಕೆ ಆ ಕರೆ ಬರಲು ಬಿಡಿ. ಖುದ್ದಾಗಿ ನೋಡಲೇಬೇಕೆಂದಿದ್ದರೆ ನೀವೇ ನಮ್ಮ ಮನೆಗೆ ಬನ್ನಿ. ನಿಮಗೇನು, ಹೊಸ್ತಿಲು ದಾಟಲು ಬರುತ್ತದಲ್ಲ?

ಇನ್ನೂ ಬರೆಯುವುದಿತ್ತು. ಬೆಳಕು ಇಳಿಯುತ್ತಿದೆ, ಅಕ್ಷರ ಕಾಣುತ್ತಿಲ್ಲ. ಅವಳ ಕೋಣೆಯಲ್ಲಿ ದೀಪದ ಸ್ವಿಚ್ಚು ಒತ್ತಿದ ಸದ್ದಾದೀತೆಂದು ಕಾಯುತ್ತಿದ್ದೇನೆ. ಇನ್ನೂ ಆಗಿಲ್ಲ.

ಇಂತಿ,
ಬಾಗಿಲ ಈಚೆ ಕುಳಿತಿರುವ ಅಪ್ಪ