ಭಾನುವಾರದ ಎಸೆತಗಳು ಯಾರ ಲೆಕ್ಕಕ್ಕೆ?

ರಾಜ್ಯ ಪ್ರೌಢಶಾಲಾ ಕ್ರೀಡಾ ಮಂಡಳಿಯ ಮಾನ್ಯ ನಿಯಮಾಧಿಕಾರಿಗಳೇ,

ನಮ್ಮ ಶಾಲೆಯ ಬೇಸ್‌ಬಾಲ್ ತಂಡದ ಹನ್ನೊಂದು ಗೆಲುವುಗಳನ್ನು ತಾವು ಒಂದೇ ಪುಟದ ಆದೇಶದಿಂದ ಅಳಿಸಿಹಾಕಿದಿರಿ. ಜಿಲ್ಲಾ ಫೈನಲ್ ಆಡಬೇಕಿದ್ದ ಹುಡುಗರನ್ನು ಮನೆಗೆ ಕಳಿಸಿದಿರಿ. ಕೋಚ್ ಬೋಡಿನ್ ಮೇಷ್ಟ್ರು ಒಂದು ವರ್ಷ ಮೈದಾನಕ್ಕೆ ಕಾಲಿಡಬಾರದೆಂದಿರಿ. ಇಷ್ಟಕ್ಕೂ ಕಾರಣ ನಾನು ತಮಗೆ ಬರೆದ ಪತ್ರ. ನನ್ನ ಮಗನ ಮೊಣಕೈ ಹೋಯಿತು, ಇನ್ನೊಬ್ಬರ ಮಗನಿಗೆ ಹೀಗಾಗದಂತೆ ಒಂದು ನಿಯಮ ಮಾಡಿ ಎಂದು ಬೇಡಿಕೊಂಡವನಿಗೆ ತಾವು ದಯಪಾಲಿಸಿದ ನ್ಯಾಯ ಇದು. ತಮಗೆ ಗುಟ್ಟಾಗಿ ಬರೆದರೆ ಏನಾಗುತ್ತದೆಂದು ಗೊತ್ತಾಯಿತು. ಅದಕ್ಕೇ ಈ ಸಲ ಊರ ವಾರಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಮೇನ್ ಸ್ಟ್ರೀಟಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಕಟಿಂಗ್ ಶಾಪ್ ಇಟ್ಟುಕೊಂಡವನು. ಮಗ ಎಮೆಟ್‌ಗೆ ಹದಿನೇಳು. ಎಡಗೈ ಪಿಚರ್, ತಂಡದ ಪರ ಚೆಂಡು ಎಸೆಯುವವನು. ಎರಡು ವರ್ಷದ ಹಿಂದೆ ಅವನನ್ನು ನಗರದ ಖಾಸಗಿ ತಂಡವೊಂದು ಆರಿಸಿಕೊಂಡಿತು. ಬೇಸಿಗೆಯಲ್ಲಿ ಇಂಡಿಯಾನಾ, ಟೆನೆಸಿ ಎಂದು ಊರೂರು ಸುತ್ತುವ ತಂಡ ಅದು. ಕಾಲೇಜುಗಳಿಗೆ ಹುಡುಗರನ್ನು ಆರಿಸುವವರು ಈಗ ಶಾಲೆಯ ಮೈದಾನಗಳಿಗೆ ಬರುವುದಿಲ್ಲ, ಅಂಥ ತಂಡಗಳು ಕರೆದಲ್ಲಿಗೆ ಹೋಗುತ್ತಾರೆ. ಇದು ತಮಗೂ ಗೊತ್ತು. ಗೊತ್ತಿದ್ದೂ ತಮ್ಮ ನಿಯಮಪುಸ್ತಕದಲ್ಲಿ ಭಾನುವಾರ ಎಂಬ ವಾರವೇ ಇಲ್ಲ.

ಶಾಲೆಯ ಪಂದ್ಯ ಮಂಗಳವಾರ, ಶುಕ್ರವಾರ. ಅಲ್ಲಿ ಪ್ರತಿ ಎಸೆತವನ್ನೂ ಬರೆದಿಡುತ್ತಾರೆ. ತೊಂಬತ್ತು ದಾಟಿದರೆ ನಾಲ್ಕು ದಿನ ವಿಶ್ರಾಂತಿ. ಒಳ್ಳೆಯ ನಿಯಮವೇ. ಆದರೆ ಮಾರ್ಚಿನಲ್ಲಿ ಖಾಸಗಿ ತಂಡದ ಕೋಚ್ ಟ್ರೆಂಟ್ ನನ್ನ ಅಂಗಡಿಗೇ ಬಂದು ಕುರ್ಚಿಯಲ್ಲಿ ಕೂತ.

"ಭಾನುವಾರ ಕಳ್ಸಿ ಸಾರ್, ಬರೀ ಟ್ರೇನಿಂಗು" ಎಂದ.

"ಶಾಲೆಯ ಸೀಸನ್ ನಡೀತಿದೆಯಲ್ಲಪ್ಪಾ. ಬೇರೆ ತಂಡಕ್ಕೆ ಆಡಿದ್ರೆ ಹೊರಗೆ ಹಾಕ್ತಾರೆ."

"ಆಡೋದು ಯಾರು? ಸ್ಕೋರ್ ಬರೆಯಲ್ಲ, ಅಂಪೈರ್ ಇರಲ್ಲ. ಆರು ಕಾಲೇಜಿನವರು ಸುಮ್ನೆ ಕೂತು ನೋಡ್ತಾರೆ. ಬೇಡ ಅಂದ್ರೆ ಬಿಡಿ, ಎಡಗೈ ಹುಡುಗರು ನನ್ನತ್ರ ಇನ್ನೂ ಮೂವರಿದ್ದಾರೆ."

ನಾನು ತಮ್ಮ ಕಚೇರಿಗೆ ಫೋನ್ ಮಾಡಿ ಕೇಳಿದೆ. "ಸ್ಕೋರ್ ಇಲ್ಲದಿದ್ದರೆ ಅದು ತರಬೇತಿ, ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದು ಒಬ್ಬ ಹೆಣ್ಣುಮಗಳು ಬಹಳ ಸೌಜನ್ಯದಿಂದ ಹೇಳಿದರು. ಹಾಗಾದರೆ ಮಾರ್ಚಿನಲ್ಲಿ ತರಬೇತಿಯಾಗಿದ್ದದ್ದು ಮೇ ತಿಂಗಳ ತಮ್ಮ ಆದೇಶದಲ್ಲಿ ಬೇರೆ ತಂಡಕ್ಕೆ ಆಡಿದ ಪಂದ್ಯವಾಯಿತು ಹೇಗೆ ಸ್ವಾಮಿ? ಹುಡುಗನ ತೋಳು ಕಾಪಾಡಬೇಕಾದಾಗ ತಮಗೆ ವ್ಯಾಪ್ತಿ ಇರಲಿಲ್ಲ. ಶಿಕ್ಷಿಸಬೇಕಾದಾಗ ಎಲ್ಲಿಂದ ಬಂತು?

ಎಮೆಟ್ ಶುಕ್ರವಾರ ಶಾಲೆಗೆ ಎಸೆದ, ಭಾನುವಾರ ಕಾಲೇಜಿನವರೆದುರು ಎಸೆದ, ಮಂಗಳವಾರ ಮತ್ತೆ ಶಾಲೆಗೆ. ಬಿಡು ಎನ್ನಲು ನನಗೆ ಬಾಯಿ ಬರಲಿಲ್ಲ. ಶಾಲೆಯ ತಂಡ ಬಿಟ್ಟರೆ ಅವನು ಐದನೇ ವಯಸ್ಸಿನಿಂದ ಜೊತೆಗೆ ಬೆಳೆದ ಗೆಳೆಯರಿಗೆ ದ್ರೋಹ. ಭಾನುವಾರ ಬಿಟ್ಟರೆ ಕಾಲೇಜಿನ ಬಾಗಿಲು ಬಂದ್. ಅಡಕತ್ತರಿಯ ಎರಡು ಅಲಗಿನ ನಡುವೆ ಮಗನನ್ನಿಟ್ಟು, ಹಿಡಿಯನ್ನು ನಾನೇ ಒತ್ತಿದೆ.

ಏಪ್ರಿಲ್ ಕೊನೆಯ ಶನಿವಾರ ತಿಂಡಿ ತಿನ್ನುವಾಗ ಅವನು ಚಮಚವನ್ನು ಬಲಗೈಯಲ್ಲಿ ಹಿಡಿದಿದ್ದ.

"ಏನಾಯ್ತೋ?"

"ಏನಿಲ್ಲಪ್ಪಾ, ಸ್ವಲ್ಪ ಜೋಮು. ನಾಳೆ ಒಂದಿನ ಬಿಡ್ಲಾ?"

"ನಾಳೆ ದೊಡ್ಡ ಯೂನಿವರ್ಸಿಟಿಯವರು ಬರ್ತಾರಂತೆ ಕಣೋ. ಇದೊಂದು ಭಾನುವಾರ."

"ಹೂಂ" ಎಂದ. ಅವನು ನನಗೆ ಎದುರಾಡುವ ಹುಡುಗನಲ್ಲ.

ಮಂಗಳವಾರ ಸೆಮಿಫೈನಲ್, ಐದನೇ ಇನ್ನಿಂಗ್ಸ್. ಚೆಂಡು ಎಸೆದ ಎಮೆಟ್ ಮೊಣಕೈ ಹಿಡಿದುಕೊಂಡು ಅಲ್ಲೇ ಮಂಡಿಯೂರಿದ. ಗ್ಯಾಲರಿಯಲ್ಲಿ ಕೂತಿದ್ದ ನನ್ನನ್ನು ಹುಡುಕಿ ನೋಡಿದ. ಉಳಿದ ಹುಡುಗರು ಹೇಗೋ ಆ ಪಂದ್ಯ ಗೆದ್ದರು. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು, "ಒಂದೂವರೆ ವರ್ಷ ಚೆಂಡು ಮುಟ್ಟೋ ಹಾಗಿಲ್ಲ. ಆಮೇಲೂ ಮಾತು ಕೊಡಲಾರೆ" ಎಂದರು. ಟ್ರೆಂಟ್ ಒಂದು ಫೋನ್ ಕೂಡ ಮಾಡಲಿಲ್ಲ. ಅವನ ಬಳಿ ಇನ್ನೂ ಮೂವರಿದ್ದರಲ್ಲ.

ಆಗ ತಮಗೆ ಬರೆದೆ. ತಾವು ಓದಿದಿರಿ, ಮತ್ತು ಒಂಬತ್ತೇ ದಿನದಲ್ಲಿ ತೀರ್ಪು ಕೊಟ್ಟಿರಿ. ಇಷ್ಟು ಚುರುಕಾದ ಕಚೇರಿ ಭಾನುವಾರ ಮಾತ್ರ ಮಲಗುವುದೇಕೆ? ಖಾಸಗಿ ತಂಡ ತಮ್ಮ ಮಂಡಳಿಗೆ ಸೇರಿದ್ದಲ್ಲ, ಆದ್ದರಿಂದ ಅದಕ್ಕೆ ಶಿಕ್ಷೆಯಿಲ್ಲ. ಕೈಗೆ ಸಿಕ್ಕದ್ದು ಶಾಲೆ, ಅದನ್ನೇ ಬಡಿದಿರಿ. ಎಮೆಟ್‌ನ ಎಸೆತ ಹಿಡಿಯುತ್ತಿದ್ದ ಕ್ಯಾಚರ್ ಡೆಲ್ಮರನ ಅಜ್ಜ ಹೋದ ವಾರ ಅಂಗಡಿ ಬಾಗಿಲಲ್ಲೇ ನಿಂತು, "ನಿನ್ನ ಮಗನ ಕೈ ಹೋಯ್ತು ಅಂತ ಎಲ್ಲರ ಕೈಯೂ ಕತ್ತರಿಸಿಬಿಟ್ಯಲ್ಲೋ ಓರಿನ್" ಎಂದು ಹೇಳಿ, ಕೂದಲು ಕತ್ತರಿಸಿಕೊಳ್ಳದೆ ಹೋದರು.

ಮೊದಲ ಪತ್ರದಲ್ಲಿ ನಾನು ಬರೆಯದೆ ಬಿಟ್ಟದ್ದೊಂದಿದೆ. ಸೆಮಿಫೈನಲ್ ದಿನ ಮಧ್ಯಾಹ್ನ ಬೋಡಿನ್ ಮೇಷ್ಟ್ರು ಅಂಗಡಿಗೆ ಬಂದಿದ್ದರು.

"ಹುಡುಗನ ತೋಳು ಯಾಕೋ ಭಾರ ಕಾಣ್ತಿದೆ. ಭಾನುವಾರ ಎಲ್ಲಾದ್ರೂ ಎಸೆದ್ನೇನಯ್ಯಾ? ನಿಜ ಹೇಳು, ಇವತ್ತು ಕೂರಿಸ್ತೀನಿ. ಸೋತ್ರೆ ಸೋಲೋಣ."

"ಇಲ್ಲ ಮೇಷ್ಟ್ರೇ, ಮನೇಲೇ ಇದ್ದ" ಎಂದೆ.

ಗೊತ್ತಿದ್ದೂ ಆಡಿಸಿದರೆಂದು ತಾವು ಶಿಕ್ಷಿಸಿದ್ದು ಆ ಮನುಷ್ಯನನ್ನು. ಅವರು ಈ ತನಕ ನನ್ನ ಹೆಸರು ಯಾರೆದುರೂ ಎತ್ತಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಮೇಷ್ಟ್ರ ಮೇಲಿನ ನಿಷೇಧ ಈ ವಾರವೇ ತೆಗೆಯಿರಿ. ಹುಡುಗರ ಗೆಲುವು ಅವರಿಗೆ ಹಿಂದಿರುಗಿಸಿ. ಯಾವ ತಂಡಕ್ಕೇ ಎಸೆಯಲಿ, ಒಂದು ತೋಳಿಗೆ ಒಂದೇ ಲೆಕ್ಕದ ಪುಸ್ತಕವಿರಲಿ. ಅದಕ್ಕೆ ತಂದೆಯ ಸಹಿಯೂ ಬೇಕೆಂದು ನಿಯಮ ಮಾಡಿ, ಸುಳ್ಳು ಹೇಳಿದ ತಂದೆಗೆ ಶಿಕ್ಷೆ ಏನೆಂದೂ ಬರೆಯಿರಿ. ಆ ಕಲಮಿಗೆ ಮೊದಲ ಅಪರಾಧಿ ಬೇಕಿದ್ದರೆ ಹುಡುಕುವ ಕಷ್ಟ ತಮಗಿಲ್ಲ. ಅಂಗಡಿ ಎಂಟಕ್ಕೆ ತೆರೆಯುತ್ತದೆ, ಈಗೀಗ ಕುರ್ಚಿ ಖಾಲಿಯೇ ಇರುತ್ತದೆ.

ಇಂತಿ,
ಮೇಷ್ಟ್ರು ನಿಜ ಕೇಳಿದಾಗ ಸುಳ್ಳು ಹೇಳಿದ,
ಎಮೆಟ್‌ನ ಅಪ್ಪ, ಓರಿನ್ ಟ್ಯಾಕೆಟ್