ಹೊಳೆಗಿಂತ ಮುಂಚೆ ಬಂದ ಸುದ್ದಿ

ಲಿಂಗಣ್ಣಾ,

ಹೋದ ವರ್ಷ ಹೊಳೆ ಉಕ್ಕಿ ನಿನ್ನನ್ನು ಕೊಂಡೊಯ್ದ ಮೇಲೆ ಹೊಳೆಯ ಸುದ್ದಿ ಕೇಳಲೆಂದು ನಾನೊಂದು ಟ್ರಾನ್ಸಿಸ್ಟರ್ ರೇಡಿಯೋ ತಂದೆ. ಗದ್ದೆಗೂ ಅದನ್ನು ಹೆಗಲಿಗೆ ಹಾಕಿಕೊಂಡೇ ಹೋಗುತ್ತಿದ್ದೆ, ನಮ್ಮೂರು ಪೂರಿಗಾಲಿಯವರೆಲ್ಲ ನಗುತ್ತಿದ್ದರು.

ಇವತ್ತು ನಾಟಿ ಮಾಡುತ್ತಿದ್ದಾಗ, ಅಣೆಕಟ್ಟೆಯಿಂದ ಭಾರಿ ನೀರು ಬಿಟ್ಟಿದ್ದಾರೆ ಎಂದು ರೇಡಿಯೋ ಹೇಳಿತು. ಊರಿನವರು ಕೆಲವರು ಹೊಳೆಯ ನಡುಗಡ್ಡೆಯಲ್ಲಿ ದನ ಮೇಯಿಸುತ್ತಿದ್ದರು. ಮೊಣಕಾಲುದ್ದದ ನೀರು ದಾಟಿ ಅಲ್ಲಿಗೆ ಓಡಿದೆ.

"ಮಳೆನೇ ಇಲ್ಲ, ಹೊಳೆ ಎಲ್ಲಿಂದ ಬತ್ತದೆ ಬುಡಮ್ಮ," ಎಂದ ದನಗಾಹಿ ಮರಿಸಿದ್ದಯ್ಯ.

ರೇಡಿಯೋದಲ್ಲಿ ಎಚ್ಚರಿಕೆ ಮತ್ತೆ ಬರುತ್ತಿತ್ತು. ಜೋರು ಮಾಡಿ ಅವನ ಕಿವಿಗೇ ಹಿಡಿದೆ. ಕೇಳುತ್ತಲೇ ಅವನು, "ಲೇ, ಏಳ್ರಲಾ! ದನ ಒಡ್ಕಂಡು ದಡಕ್ಕೆ ನಡೀರಿ!" ಎಂದು ಕಿರುಚಿದ.

ನಾವೆಲ್ಲ ದಡ ಹತ್ತಿದ ಸ್ವಲ್ಪ ಹೊತ್ತಿಗೆ ಕೆಂಪು ನೀರು ನಡುಗಡ್ಡೆಯನ್ನೇ ನುಂಗಿತು.

"ಗೆದ್ಬುಟ್ಟೆ ಕಣಮ್ಮ ಪಟ್ಟಲಮ್ಮ!" ಎಂದು ಊರೇ ನನ್ನ ಹೆಸರು ಹಿಡಿದು ಕೂಗಿತು.

ಒಬ್ಬರೂ ಹೋಗಲಿಲ್ಲ ಅಣ್ಣಾ, ಒಂದು ಕರುವೂ ಹೋಗಲಿಲ್ಲ.